ಎಕ್ಸೆಲ್‌ನಲ್ಲಿ ದಿನಾಂಕಗಳು ಸರಿಯಾಗಿ ಸಾರ್ಟ್ ಆಗುವುದಿಲ್ಲ, ಏಕೆ?

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಗ್ಲುಕೋಮೀಟರ್ ರೀಡಿಂಗ್‌ಗಳನ್ನು ಎಕ್ಸೆಲ್‌ನಲ್ಲಿ ಬರೆದಿಡುವವರು ಈಗ ಬಹಳ ಮಂದಿ. ಒಂದು ಕಾಲಮ್‌ನಲ್ಲಿ ದಿನಾಂಕ, ಪಕ್ಕದಲ್ಲಿ ರೀಡಿಂಗ್. ವೈದ್ಯರನ್ನು ಕಾಣುವ ಮುನ್ನ ದಿನಾಂಕದ ಪ್ರಕಾರ ಸಾರ್ಟ್ ಮಾಡಿ ಪ್ರಿಂಟ್ ತೆಗೆದರಾಯಿತು. ಕಂಪ್ಯೂಟರೇ ಜೋಡಿಸಿಕೊಟ್ಟ ಮೇಲೆ ತಪ್ಪಿರಲು ಸಾಧ್ಯವೇ ಎಂದುಕೊಳ್ಳುತ್ತೇವೆ. ಸಾಧ್ಯವಿದೆ. ಅದೂ ಯಾವ ಎಚ್ಚರಿಕೆಯನ್ನೂ ಕೊಡದೆ.

ಎಕ್ಸೆಲ್ ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದೇ ಇಲ್ಲ, ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅದಕ್ಕೆ 1ನೇ ದಿನ. ಅಲ್ಲಿಂದ ಎಣಿಸುತ್ತಾ ಬಂದರೆ 1956ರ ನವೆಂಬರ್ 1 ಎಂದರೆ 20760. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1 ಎಂದರೆ 26969. ಒಂದರಿಂದ ಇನ್ನೊಂದನ್ನು ಕಳೆದರೆ ನಡುವಿನ 6209 ದಿನಗಳು ಸಿಗುತ್ತವೆ. (ಈ ಎಣಿಕೆಯಲ್ಲಿ ಒಂದು ಸುಳ್ಳು ದಿನವೂ ಇದೆ. 1900 ಅಧಿಕ ವರ್ಷವಲ್ಲ. ಆದರೂ ಎಕ್ಸೆಲ್ ಆ ವರ್ಷ ಫೆಬ್ರುವರಿ 29 ಇತ್ತೆಂದು ಲೆಕ್ಕ ಹಾಕುತ್ತದೆ. ಅದಕ್ಕೂ ಹಳೆಯ ಲೋಟಸ್ 1-2-3 ತಂತ್ರಾಂಶದಲ್ಲಿದ್ದ ಈ ತಪ್ಪನ್ನು, ಹಳೆಯ ಕಡತಗಳು ಹೊಂದಿಕೊಳ್ಳಲಿ ಎಂದು ಹಾಗೆಯೇ ಉಳಿಸಿಕೊಂಡರು.) ಪರದೆಯ ಮೇಲೆ ಕಾಣುವ ದಿನ, ತಿಂಗಳು, ವರ್ಷಗಳು ಆ ಸಂಖ್ಯೆಗೆ ತೊಡಿಸಿದ ಅಂಗಿ ಮಾತ್ರ. ಸಾರ್ಟ್ ಆಗುವುದು ಒಳಗಿನ ಸಂಖ್ಯೆ.

ತೊಂದರೆ ಶುರುವಾಗುವುದು ನಾವು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಸಂಖ್ಯೆಯಾಗಿ ಬದಲಿಸುವಾಗ. ನಾವು ಬರೆಯುವುದು ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದವರು ಮೊದಲು ತಿಂಗಳು ಬರೆಯುತ್ತಾರೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05/08/2024 ಎಂದು ನೀವು ಬರೆದ ಆಗಸ್ಟ್ 5 ಅದರ ಕಣ್ಣಿಗೆ ಮೇ 8. ಒಳಗೆ 45509 ಇರಬೇಕಾದ ಕಡೆ 45420 ಕೂರುತ್ತದೆ. 13/08/2024 ಎಂದು ಬರೆದರೆ? 13ನೇ ತಿಂಗಳು ಇಲ್ಲವಲ್ಲ! ಆಗ ಅದು ದಿನಾಂಕವೇ ಅಲ್ಲವೆಂದು ಬರೀ ಅಕ್ಷರಗಳಂತೆ ಇಟ್ಟುಬಿಡುತ್ತದೆ. ಹೀಗೆ ಒಂದೇ ಕಾಲಮ್‌ನಲ್ಲಿ ತಿಂಗಳು ಅದಲುಬದಲಾದ ದಿನಾಂಕಗಳೂ ದಿನಾಂಕವೇ ಆಗದ ಬರಹಗಳೂ ಸೇರಿಕೊಳ್ಳುತ್ತವೆ.

ಈಗ ಸಾರ್ಟ್ ಮಾಡಿ ನೋಡಿ. ಆಗಸ್ಟ್ 5, 12, 13, 20 ಮತ್ತು ಸೆಪ್ಟೆಂಬರ್ 3ರ ರೀಡಿಂಗ್‌ಗಳಿವೆ ಎನ್ನೋಣ. 03/09 ಎಂಬುದು ಮಾರ್ಚ್ 9 ಆಗಿರುವುದರಿಂದ ಎಲ್ಲಕ್ಕಿಂತ ಮೇಲೆ ಹೋಗುತ್ತದೆ. ಆಮೇಲೆ 5, 12. ಸಂಖ್ಯೆಗಳೆಲ್ಲ ಮುಗಿದ ಮೇಲೆ ಬರಹಗಳು ಬರುವುದರಿಂದ 13 ಮತ್ತು 20 ಕೊನೆಗೆ. ಅಂದರೆ ಅತಿ ಇತ್ತೀಚಿನ ರೀಡಿಂಗ್ ಅತಿ ಹಳೆಯದರಂತೆ ಮೊದಲ ಸಾಲಿನಲ್ಲಿ ಕೂತಿದೆ. ಉಳಿದ ನಾಲ್ಕು ಸರಿಯಾಗಿಯೇ ಕಾಣುವುದರಿಂದ ಅನುಮಾನವೂ ಬರುವುದಿಲ್ಲ. ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಸಾಲುಗಳನ್ನು ನೋಡಿ ಔಷಧಿಯ ಪ್ರಮಾಣ ಯೋಚಿಸುವ ವೈದ್ಯರಿಗೆ ತಪ್ಪು ಚಿತ್ರ ಸಿಗುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ನೀವಾಗಿ ಅಲೈನ್‌ಮೆಂಟ್ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ, ಬರಹ ಎಡಕ್ಕೆ ಅಂಟಿರುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಕಾಲಮ್‌ನ ಫಾರ್ಮ್ಯಾಟನ್ನು ಸ್ವಲ್ಪ ಹೊತ್ತು 'ನಂಬರ್' ಮಾಡಿ: ದಿನಾಂಕಗಳು 45 ಸಾವಿರದ ಆಸುಪಾಸಿನ ಸಂಖ್ಯೆಗಳಾಗುತ್ತವೆ, ಬರಹಗಳು ಇದ್ದಂತೆಯೇ ಇರುತ್ತವೆ. ಆದರೆ ಅದಲುಬದಲಾದವು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತವೆ. ಅವುಗಳಿಗಾಗಿ ತಿಂಗಳ ಹೆಸರು ಕಾಣುವ ಫಾರ್ಮ್ಯಾಟ್ ಆರಿಸಿ. ಆಗಸ್ಟ್ ಇರಬೇಕಾದಲ್ಲಿ ಮೇ ಕಂಡರೆ ಗುಟ್ಟು ರಟ್ಟಾಯಿತು.

ಬರಹವಾಗಿ ಉಳಿದವನ್ನು ಡೇಟಾ ಮೆನುವಿನ 'ಟೆಕ್ಸ್ಟ್ ಟು ಕಾಲಮ್ಸ್' ಮೂಲಕ, ದಿನ-ತಿಂಗಳು-ವರ್ಷ ಎಂಬ ಕ್ರಮ ಆರಿಸಿ ದಿನಾಂಕವಾಗಿಸಬಹುದು. ಅದಲುಬದಲಾದವನ್ನು ಮೂಲ ಪುಸ್ತಕ ನೋಡಿಯೇ ತಿದ್ದುವುದು ಕ್ಷೇಮ. ಅದಕ್ಕೂ ಮೊದಲು ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ಅನ್ನು ಭಾರತಕ್ಕೆ ಬದಲಿಸಿ, ಇಲ್ಲದಿದ್ದರೆ ತಿದ್ದಿದ್ದೂ ಕೆಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದು ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಲ್' ಎಂಬ ಹೆಸರಿನಲ್ಲಿದೆ.

ಇದು ಮನೆಯ ಲೆಕ್ಕಕ್ಕಷ್ಟೇ ಸೀಮಿತವಾದ ತಲೆನೋವಲ್ಲ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ದಿನಾಂಕವೆಂದು ತಿಳಿದು ಬದಲಿಸುತ್ತಿತ್ತು. ಹೀಗೆ ಕೆಟ್ಟ ಪಟ್ಟಿಗಳು ಪ್ರಕಟಿತ ಸಂಶೋಧನಾ ಲೇಖನಗಳಲ್ಲೂ ಸಿಕ್ಕವು. 2020ರ ಹೊತ್ತಿಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಆ ಹೆಸರುಗಳನ್ನು ಬದಲಿಸಿತು!

ಹೊಸದಾಗಿ ಶೀಟ್ ಶುರು ಮಾಡುವವರಿಗೆ 2024-08-05 ಎಂಬ ವರ್ಷ-ತಿಂಗಳು-ದಿನದ ಕ್ರಮ ಒಳ್ಳೆಯದು. ಸೊನ್ನೆಗಳನ್ನು ಬಿಡದೆ ಬರೆದರೆ, ಎಲ್ಲವೂ ಬರಹವಾಗಿ ಉಳಿದರೂ ಸಾಲು ತಪ್ಪುವುದಿಲ್ಲ. ಸಾರ್ಟ್ ಮಾಡುವಾಗ ದಿನಾಂಕದ ಕಾಲಮ್ ಒಂದನ್ನೇ ಆರಿಸಬೇಡಿ, ಇಡೀ ಟೇಬಲ್ ಆರಿಸಿ. ಇಲ್ಲವಾದರೆ ದಿನಾಂಕಗಳು ಮಾತ್ರ ಸರಿದು, ಸೋಮವಾರದ ರೀಡಿಂಗ್ ಗುರುವಾರದ ಪಕ್ಕದಲ್ಲಿ ನಿಲ್ಲುತ್ತದೆ. ಹಾಗಾದರೆ ಫೈಲ್ ಮುಚ್ಚುವ ಮೊದಲೇ ಕಂಟ್ರೋಲ್ ಜೆಡ್ ಒತ್ತಿ.