ಕಲ್ಲಣಬೆ ಯಾವ ಗುಡ್ಡೆಯದು?

ಮೊದಲ ಮಳೆಗೆ ಗುಡುಗಿದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗೆ ಕಲ್ಲಣಬೆ ಬರುತ್ತದೆ. ಮರದ ಬುಡದ ಮಣ್ಣು ಕೆದಕಿ ಹೆಕ್ಕಿದ, ಗೋಲಿಯಂಥ ಅಣಬೆ. ನಾವು ಬೆಲೆ ಚೌಕಾಸಿ ಮಾಡುತ್ತೇವೆ, ಯಾವ ಗುಡ್ಡೆಯದು ಎಂದು ಕೇಳುವುದಿಲ್ಲ.

ಕೇಳಬೇಕು. ಅಣಬೆಯ ನೂಲಿನಂಥ ಎಳೆಗಳು ಮಣ್ಣಿನೊಳಗೆ ಹರಡಿ ನೀರು, ಲವಣ ಹೀರುತ್ತವೆ. ಮಣ್ಣಿನಲ್ಲಿ ಪಾದರಸ, ಕ್ಯಾಡ್ಮಿಯಂ ಇದ್ದರೆ ಅದೂ ಜೊತೆಗೇ ಬರುತ್ತದೆ. ಒಳಗೆ ಸೇರಿದ್ದು ತೊಳೆದರೆ ಹೋಗುವುದಿಲ್ಲ.

ಯುರೋಪಿನ ಸ್ಲೊವೇನಿಯಾದಲ್ಲಿ ಇದ್ರಿಯಾ ಎಂಬ ಊರಿದೆ. ಅಲ್ಲಿ ಸುಮಾರು 500 ವರ್ಷ ಪಾದರಸ ತೆಗೆದರು. ಆ ಸುತ್ತಿನ ಅಣಬೆಗಳಲ್ಲಿ ಪಾದರಸ ವಿಪರೀತ ಇರುವುದನ್ನು ವಿಜ್ಞಾನಿಗಳು 1970ರ ದಶಕದಲ್ಲೇ ಕಂಡರು. ಗಣಿ ಮುಚ್ಚಿದರೂ ಮಣ್ಣು ಮರೆಯಲಿಲ್ಲ.

ನಮ್ಮ ಪಕ್ಕದ ಹಳೆ ಗಣಿ ಬೆಳ್ತಂಗಡಿಯ ಮೇಲಿನ ಘಟ್ಟದಲ್ಲಿದೆ. ಕುದುರೆಮುಖ ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರಿನ ರಾಡಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು, ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಲ್ಲಿಯದು ಕಬ್ಬಿಣ, ಪಾದರಸವಲ್ಲ. ಇದ್ರಿಯಾ ನೆನೆದು ಹೆದರಬೇಕಿಲ್ಲ. ಆದರೆ ಪಾಠ ಒಂದೇ: ಅಣಬೆಯ ಗುಣ ಮಣ್ಣಿನ ಗುಣ.

ಹೆಕ್ಕುವವರಿಗೆ ಇದು ಮಳೆಗಾಲದ ಮೊದಲ ಕಾಸು. ಅದನ್ನು ತಪ್ಪಿಸುವ ಮಾತು ನಮ್ಮದಲ್ಲ. ಹಳೆ ಗಣಿ, ಹೂಳು ಸುರಿದ ಜಾಗ, ಹೆದ್ದಾರಿ ಬದಿ ಬಿಟ್ಟುಬಿಡಿ. ಅಜ್ಜಿ ಹೆಕ್ಕುತ್ತಿದ್ದ ಗುಡ್ಡೆ ಸಾಕು. ಕೊಳ್ಳುವವರು ಸೇರು ಅಳೆಯುವ ಮೊದಲು ಒಂದು ಮಾತು ಕೇಳಿ: "ಇದು ಎಲ್ಲಿಯದು ಮಾರಾಯ್ರೆ?"