ಆನ್ ಆರ್ಬರ್‌ನ ಪೇಟೆ ಯೋಜನೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಆನ್ ಆರ್ಬರ್ ವಿಶ್ವವಿದ್ಯಾಲಯವನ್ನು ನಂಬಿ ಬೆಳೆದ ಊರು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 1,23,851. ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆಯೇ ಈಗ 50,000 ದಾಟಿದೆ. ಊರ ನಡುವಿನ ಹಳೆಯ ಪೇಟೆ, ಅಂದರೆ ಅಲ್ಲಿನವರ ಡೌನ್‌ಟೌನ್, ಸೊರಗದಂತೆ ನೋಡಿಕೊಳ್ಳಲು ಶುರುವಾದ ಯೋಜನೆ ಕಾಲಕ್ರಮದಲ್ಲಿ ಬೇರೊಂದು ಪ್ರಶ್ನೆಗೆ ಬಂದು ನಿಂತಿತು: ಪೇಟೆ ಬೆಳೆಯುವುದು ಯಾರಿಗಾಗಿ?

ಇಲ್ಲಿರುವುದು ಒಂದಲ್ಲ, ಎರಡು ಪೇಟೆ. 1824ರಲ್ಲಿ ಜಾನ್ ಅಲೆನ್ ಮತ್ತು ಎಲೈಶಾ ರಮ್ಸಿ ಕಟ್ಟಿದ ಊರು ಮೈನ್ ಸ್ಟ್ರೀಟ್ ಮತ್ತು ನ್ಯಾಯಾಲಯದ ಸುತ್ತ ಬೆಳೆಯಿತು. 1837ರಲ್ಲಿ ವಿಶ್ವವಿದ್ಯಾಲಯ ಡೆಟ್ರಾಯಿಟ್‌ನಿಂದ ಇಲ್ಲಿಗೆ ಬಂದಾಗ ಅದಕ್ಕೆ ಸಿಕ್ಕ 40 ಎಕರೆ ಜಮೀನು ಸ್ವಲ್ಪ ಪೂರ್ವಕ್ಕಿತ್ತು. ಅದರ ಅಂಚಿನ ಸ್ಟೇಟ್ ಸ್ಟ್ರೀಟ್ ವಿದ್ಯಾರ್ಥಿಗಳ ಪೇಟೆಯಾಯಿತು. ಎರಡನ್ನೂ ಜೋಡಿಸುವುದು ಲಿಬರ್ಟಿ ಸ್ಟ್ರೀಟ್. ನಡೆದರೆ ಹತ್ತು ಹದಿನೈದು ನಿಮಿಷದ ದಾರಿ. ವರ್ತಕರು, ಕುಟುಂಬಸ್ಥರು ಒಂದು ತುದಿಯಲ್ಲಿ, ಹುಡುಗರು ಇನ್ನೊಂದು ತುದಿಯಲ್ಲಿ ಎಂಬ ಈ ಹಂಚಿಕೆ ಮುಂದಿನ ಎಲ್ಲ ಜಗಳಗಳಲ್ಲೂ ಇಣುಕುತ್ತದೆ.

1973ರಲ್ಲಿ ಊರ ದಕ್ಷಿಣಕ್ಕೆ, ಹೆದ್ದಾರಿಯ ಬಳಿ, ಬ್ರಯರ್‌ವುಡ್ ಮಾಲ್ ತೆರೆಯಿತು. ಅಮೆರಿಕದ ಅದೆಷ್ಟೋ ಊರುಗಳಂತೆ ಇಲ್ಲಿಯೂ ಪೇಟೆಯ ದೊಡ್ಡ ಅಂಗಡಿಗಳಿಗೆ ಪೆಟ್ಟು ಬಿತ್ತು. ಮಿಶಿಗನ್ ಶಾಸನಸಭೆ 1975ರಲ್ಲಿ ಮಾಡಿದ ಕಾಯಿದೆಯಡಿ 1982ರಲ್ಲಿ ನಗರವು ಡೌನ್‌ಟೌನ್ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಅದರ ಹಣದ ಮೂಲ ಸರಳವಾದದ್ದು. ಪೇಟೆಯ ಎಲ್ಲೆಯೊಳಗೆ ಆಸ್ತಿಗಳ ಬೆಲೆ ಏರಿದಾಗ ಹೆಚ್ಚುವರಿಯಾಗಿ ಬರುವ ತೆರಿಗೆಯ ಒಂದು ಪಾಲು ಪ್ರಾಧಿಕಾರಕ್ಕೆ ಸೇರುತ್ತದೆ. ಆ ಹಣ ಅದೇ ಪೇಟೆಯ ಕಾಲುದಾರಿ, ದೀಪ, ಪಾರ್ಕಿಂಗ್ ಕಟ್ಟಡಗಳಿಗೆ ಖರ್ಚಾಗಬೇಕು. ಸಾರ್ವಜನಿಕ ಪಾರ್ಕಿಂಗ್‌ನ ನಿರ್ವಹಣೆಯೂ ಅದರದೇ. ಪೇಟೆಯಲ್ಲಿ ಕೆಲಸ ಮಾಡುವವರ ಬಸ್ ಪಾಸಿಗೂ ಅದು ಹಣ ಕೊಡುತ್ತದೆ. ಕಾರು ನಿಲ್ಲಿಸಿ ಬಂದ ದುಡ್ಡಿನಲ್ಲಿ ಕಾರು ಬಿಡಿಸುವ ಈ ಜಾಣತನ ಮೆಚ್ಚತಕ್ಕದ್ದೇ.

2003ರಲ್ಲಿ ಮತದಾರರು ಊರ ಸುತ್ತ ಹಸಿರು ಪಟ್ಟಿ ಕಾಯ್ದಿರಿಸಲು 30 ವರ್ಷದ ತೆರಿಗೆಗೆ ಒಪ್ಪಿದರು. ಹೊರಗಿನ ಹೊಲಗದ್ದೆಗಳಿಗೆ ಕೈ ಹಚ್ಚದಿದ್ದರೆ ಬೆಳವಣಿಗೆ ಒಳಗೇ ಆಗಬೇಕಲ್ಲ? ನಗರಸಭೆ ಹೆಸರಾಂತ ಯೋಜಕ ಪೀಟರ್ ಕ್ಯಾಲ್ತಾರ್ಪ್ ಅವರ ಸಂಸ್ಥೆಯನ್ನು ಸಲಹೆಗೆ ಕರೆಸಿತು. ಆ ಸಲಹೆಯ ಬೆನ್ನಿಗೆ 2009ರಲ್ಲಿ ಹೊಸ ವಲಯ ನಿಯಮಗಳು ಬಂದವು. ಪೇಟೆಯ ಗರ್ಭಭಾಗ ಡಿ1, ಸುತ್ತಲ ಮನೆಗಳತ್ತ ಇಳಿಯುವ ಅಂಚು ಡಿ2. ಡಿ1ರಲ್ಲಿ ಬಹುಪಾಲು ಕಡೆ 180 ಅಡಿ ಎತ್ತರಕ್ಕೆ ಅವಕಾಶವಿತ್ತು. ನಿವೇಶನದ ವಿಸ್ತೀರ್ಣದ ನಾಲ್ಕು ಪಟ್ಟು ಮಹಡಿ ಜಾಗ ಕಟ್ಟಬಹುದಾದಲ್ಲಿ, ವಾಸದ ಮನೆಗಳನ್ನು ಸೇರಿಸಿದರೆ ಏಳು ಪಟ್ಟಿನವರೆಗೆ ಅನುಮತಿ ಸಿಗುತ್ತಿತ್ತು.

ಪೇಟೆಯಲ್ಲಿ ಎಲ್ಲ ವಯಸ್ಸಿನವರೂ ನೆಲೆಸಲಿ ಎಂಬುದು ಆಸೆ. ಬಂದದ್ದು ವಿದ್ಯಾರ್ಥಿಗಳ ಗೋಪುರಗಳು: ಫ್ಲಾಟಿನ ಬದಲು ಒಂದೊಂದು ಮಲಗುವ ಕೋಣೆಗೆ ಬಾಡಿಗೆ ಕಟ್ಟುವ ಬಗೆಯವು. ಬಂಡವಾಳಗಾರರನ್ನು ದೂರಿ ಫಲವಿಲ್ಲ. ಪ್ರತಿವರ್ಷ ಖಚಿತವಾಗಿ ಬರುವ ಬಾಡಿಗೆದಾರರು ಇನ್ನಾರಿದ್ದರು? ಅದನ್ನು ನಿಯಮ ಬರೆದವರು ಮೊದಲೇ ಊಹಿಸಬೇಕಿತ್ತು. 2013ರಲ್ಲಿ ಈಸ್ಟ್ ಹ್ಯೂರಾನ್ ರಸ್ತೆಯಲ್ಲಿ, ಪಾರಂಪರಿಕ ಬಡಾವಣೆಯ ಮಗ್ಗುಲಲ್ಲೇ, 14 ಅಂತಸ್ತಿನ ಕಟ್ಟಡಕ್ಕೆ ಅನುಮತಿ ಕೊಡಬೇಕಾಗಿ ಬಂದಾಗ ಸಿಟ್ಟು ಸ್ಫೋಟಿಸಿತು. ಅದು ನಿಯಮಬದ್ಧವಾಗಿದ್ದುದೇ ತೊಡಕು. ಆಮೇಲೆ ನಗರಸಭೆ ನಿಯಮಗಳನ್ನೇ ಮರುಪರಿಶೀಲನೆಗೆ ಎತ್ತಿಕೊಂಡಿತು.

ಇಷ್ಟೆಲ್ಲದರ ಹಿಂದೆ ಯೋಜನೆಯ ಕೈಗೆ ಸಿಗದ ಒಬ್ಬ ದೊಡ್ಡ ಜಮೀನ್ದಾರನಿದ್ದಾನೆ. ವಿಶ್ವವಿದ್ಯಾಲಯಕ್ಕೆ ರಾಜ್ಯದ ಸಂವಿಧಾನವೇ ಸ್ವಾಯತ್ತತೆ ಕೊಟ್ಟಿದೆ. ನಗರದ ವಲಯ ನಿಯಮಗಳಿಗೆ ಅದು ಒಳಪಡುವುದಿಲ್ಲ, ಆಸ್ತಿ ತೆರಿಗೆಯನ್ನೂ ಕಟ್ಟುವುದಿಲ್ಲ. 2007ರಲ್ಲಿ ಔಷಧ ಕಂಪನಿ ಫೈಜರ್ ಇಲ್ಲಿನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಘೋಷಿಸಿತು. 2009ರಲ್ಲಿ ಆ ಜಾಗವನ್ನು ವಿಶ್ವವಿದ್ಯಾಲಯ ಕೊಂಡಿತು. ಕೆಲಸಗಳು ಮತ್ತೆ ಬಂದವು, ಅಲ್ಲಿಂದ ಬರುತ್ತಿದ್ದ ತೆರಿಗೆ ಬರಲಿಲ್ಲ. ಕಾಲೇಜು ಊರಿನ ಖಜಾನೆ ಪೇಟೆಯಲ್ಲಿ ಎತ್ತರದ ಕಟ್ಟಡಗಳನ್ನು ಬಯಸುವುದಕ್ಕೆ ಇದೂ ಒಂದು ಕಾರಣ.

ಲೈಬ್ರರಿ ಲಾಟ್ ಎಂಬ ತುಂಡು ಜಾಗದ ಕಥೆ ಇನ್ನೂ ಸ್ವಾರಸ್ಯದ್ದು. ಊರಿನ ಗ್ರಂಥಾಲಯದ ಪಕ್ಕದಲ್ಲಿ ಪ್ರಾಧಿಕಾರ ನೆಲದಡಿಯ ಪಾರ್ಕಿಂಗ್ ಕಟ್ಟಿ 2012ರಲ್ಲಿ ತೆರೆಯಿತು. ಮೇಲೆ ದೊಡ್ಡ ಕಟ್ಟಡ ಏಳಲೆಂದು ಅಡಿಪಾಯವನ್ನು ಗಟ್ಟಿಯಾಗಿಯೇ ಹಾಕಿತ್ತು. 17 ಅಂತಸ್ತಿನ ಪ್ರಸ್ತಾವಕ್ಕೆ ನಗರಸಭೆ 2017ರಲ್ಲಿ ಒಪ್ಪಿಯೂ ಆಯಿತು. ಆದರೆ 2018ರಲ್ಲಿ ಮತದಾರರು ಅದು ಸಾರ್ವಜನಿಕ ಉದ್ಯಾನವೇ ಆಗಲಿ ಎಂದು ತೀರ್ಪು ಕೊಟ್ಟರು. ಉದ್ಯಾನವೇನೂ ಏಳಲಿಲ್ಲ; ಮೇಲ್ಭಾಗ ಕಾರುಗಳು ನಿಲ್ಲುವ ಬಯಲಾಗಿಯೇ ಉಳಿಯಿತು. ಕಡೆಗೆ 2025ರ ಆಗಸ್ಟ್‌ನಲ್ಲಿ ಮತದಾರರೇ ಆ ತೀರ್ಪನ್ನು ಹಿಂತೆಗೆದುಕೊಂಡು, ಜಾಗ ಗ್ರಂಥಾಲಯಕ್ಕೆ ಹೋಗಲು ದಾರಿ ಬಿಟ್ಟರು.

ಇತ್ತೀಚಿನ ವರ್ಷಗಳಲ್ಲಿ ಗಮನ ಬಾಡಿಗೆಯ ಬೇಗೆಯತ್ತ ಹೊರಳಿದೆ. ಕೈಗೆಟುಕುವ ಮನೆಗಳಿಗಾಗಿ 20 ವರ್ಷದ ತೆರಿಗೆಗೆ 2020ರಲ್ಲಿ ಜನ ಒಪ್ಪಿದರು; ಪೇಟೆಯಲ್ಲಿ ನಗರದ್ದೇ ಆದ ಪಾರ್ಕಿಂಗ್ ಬಯಲುಗಳನ್ನು ಇದಕ್ಕೆ ಬಳಸುವ ಯೋಚನೆಯಿದೆ. ಹೊಸ ಕಟ್ಟಡಗಳಲ್ಲಿ ಇಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂಬ ಕಟ್ಟಳೆಯನ್ನು 2022ರಲ್ಲಿ ಊರಿಡೀ ತೆಗೆದುಹಾಕಲಾಯಿತು. ವಿಶ್ವವಿದ್ಯಾಲಯವೂ ಮುಖ್ಯ ಆವರಣದ ಸಮೀಪ 2,300 ಹಾಸಿಗೆಗಳ ವಸತಿ ಸಂಕೀರ್ಣವನ್ನು ಕೈಗೆತ್ತಿಕೊಂಡಿದೆ.