ದೃಷ್ಟಿ ವಿಕಲಚೇತನರಿಗೆ ಡಿಜಿಟಲ್ ಪುಸ್ತಕಗಳು: ಸ್ವಯಂಸೇವಾ ಸಂಸ್ಥೆಗಳ ಪಾತ್ರ

ಹಿನ್ನೆಲೆ

ಅಂಧರು ಹಾಗೂ ಮಂದದೃಷ್ಟಿಯುಳ್ಳವರು ಬಹುಕಾಲ ಬ್ರೈಲ್ ಗ್ರಂಥಗಳನ್ನೂ ಧ್ವನಿಸುರುಳಿಗಳನ್ನೂ ಅವಲಂಬಿಸಿದ್ದರು. ಬ್ರೈಲ್ ಗ್ರಂಥಗಳು ಗಾತ್ರದಲ್ಲಿ ದೊಡ್ಡವು. ಧ್ವನಿಸುರುಳಿಯಲ್ಲಿ ಬೇಕಾದ ಅಧ್ಯಾಯವನ್ನು ಹುಡುಕುವುದು ಕಷ್ಟ. ಈ ತೊಡಕುಗಳನ್ನು ನಿವಾರಿಸಲು 1996ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಡೈಸಿ ಒಕ್ಕೂಟವು, ಅಧ್ಯಾಯ ಮತ್ತು ಪುಟಗಳ ಅನುಸಾರ ಓದಬಹುದಾದ ಡಿಜಿಟಲ್ ಪುಸ್ತಕದ ಮಾನಕವನ್ನು ರೂಪಿಸಿತು.

ಕಾನೂನಿನ ಅವಕಾಶ

2012ರ ಕೃತಿಸ್ವಾಮ್ಯ (ತಿದ್ದುಪಡಿ) ಅಧಿನಿಯಮದ ಪ್ರಕಾರ, ವಿಕಲಚೇತನರಿಗಾಗಿ ದುಡಿಯುವ ಸಂಸ್ಥೆಗಳು ಲಾಭದ ಉದ್ದೇಶವಿಲ್ಲದೆ, ಹಕ್ಕುದಾರರ ಅನುಮತಿ ಪಡೆಯದೆಯೇ ಪುಸ್ತಕಗಳನ್ನು ಅವರು ಓದಬಲ್ಲ ರೂಪಕ್ಕೆ ಪರಿವರ್ತಿಸಬಹುದು. ಈ ಪ್ರತಿಗಳು ಸಾಮಾನ್ಯ ಮಾರುಕಟ್ಟೆಗೆ ಹೋಗದಂತೆ ಎಚ್ಚರ ವಹಿಸತಕ್ಕದ್ದು. ಇದೇ ಉದ್ದೇಶದ 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಸ್ಥಿರೀಕರಿಸಿದ ಮೊದಲ ರಾಷ್ಟ್ರ ಭಾರತ.

ಪುಸ್ತಕ ಸಿದ್ಧಪಡಿಸುವ ವಿಧಾನ

* ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯವಾಗಿ ಪರಿವರ್ತಿಸಲಾಗುತ್ತದೆ.
* ಸ್ವಯಂಸೇವಕರು ಕರಡು ತಿದ್ದುತ್ತಾರೆ.
* ಶೀರ್ಷಿಕೆ, ಪುಟಸಂಖ್ಯೆಗಳನ್ನು ಗುರುತಿಸಿ, ಚಿತ್ರಗಳಿಗೆ ವಿವರಣೆ ಸೇರಿಸಲಾಗುತ್ತದೆ.

ಹೀಗೆ ಸಿದ್ಧವಾದ ಪುಸ್ತಕಗಳನ್ನು ಒಂದೆಡೆ ಒದಗಿಸಲು ಕೇಂದ್ರ ಸರ್ಕಾರವು ಡೈಸಿ ಫೋರಂ ಆಫ್ ಇಂಡಿಯಾದ ಸಹಯೋಗದೊಂದಿಗೆ 2016ರ ಆಗಸ್ಟ್‌ನಲ್ಲಿ 'ಸುಗಮ್ಯ ಪುಸ್ತಕಾಲಯ'ವನ್ನು ಆರಂಭಿಸಿತು. ರಾಜ್ಯದಲ್ಲಿ, ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯು ಧ್ವನಿ ಪುಸ್ತಕಗಳ ಗ್ರಂಥಾಲಯವನ್ನು ನಡೆಸುತ್ತಿದೆ. ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವು ಉಚಿತವಾಗಿ ದೊರೆಯುತ್ತಿದ್ದು, ಅದರಲ್ಲಿ ಕನ್ನಡವನ್ನೂ ಕೇಳಬಹುದು.

ಕನ್ನಡ ಕಡತಗಳ ಸಮಸ್ಯೆ

ಅನೇಕ ಹಳೆಯ ಕನ್ನಡ ಕಡತಗಳು ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದೊಳಗೆ ಅವು ಬೇರೆ ಲಿಪಿಯ ಸಂಕೇತಗಳಾಗಿರುತ್ತವೆ. ಆದ್ದರಿಂದ ಓದುವ ತಂತ್ರಾಂಶವು ಕನ್ನಡ ಪದಗಳ ಬದಲು ಅರ್ಥವಿಲ್ಲದ ಅಕ್ಷರಗಳನ್ನು ಉಚ್ಚರಿಸುತ್ತದೆ. ಪುಟಗಳ ಚಿತ್ರ ಮಾತ್ರವಿರುವ ಪಿಡಿಎಫ್ ಕಡತದಲ್ಲಿ ಓದಲು ಪಠ್ಯವೇ ಇರುವುದಿಲ್ಲ. ಇಂತಹ ಕಡತಗಳನ್ನು ಸಂಸ್ಥೆಗಳು ಪರಿವರ್ತಿಸಬೇಕಾಗುತ್ತದೆ, ಇಲ್ಲವೇ ಹೊಸದಾಗಿ ಬೆರಳಚ್ಚು ಮಾಡಬೇಕಾಗುತ್ತದೆ.

ಪ್ರಕಾಶಕರು ಹಾಗೂ ಕಚೇರಿಗಳ ಗಮನಕ್ಕೆ

2017ರಲ್ಲಿ ಹೊರಡಿಸಲಾದ ವಿಕಲಚೇತನರ ಹಕ್ಕುಗಳ ನಿಯಮಗಳು, ಜಾಲತಾಣದಲ್ಲಿ ಪ್ರಕಟಿಸುವ ದಾಖಲೆಗಳು ಇ-ಪಬ್ ಅಥವಾ ಅಕ್ಷರ ಗುರುತಿಸಬಹುದಾದ ಪಿಡಿಎಫ್ ರೂಪದಲ್ಲಿರಬೇಕೆಂದು ವಿಧಿಸಿದ್ದವು. ಪ್ರಕಾಶಕರು ಯೂನಿಕೋಡ್ ಮೂಲಪ್ರತಿಯನ್ನು ಸಂಸ್ಥೆಗಳಿಗೆ ನೀಡಿದಲ್ಲಿ ಸ್ಕ್ಯಾನ್ ಮಾಡುವ ಹಾಗೂ ತಿದ್ದುವ ಶ್ರಮ ಉಳಿಯುತ್ತದೆ. ಪಠ್ಯಪುಸ್ತಕವು ಅಂಧ ವಿದ್ಯಾರ್ಥಿಗೆ ಪರೀಕ್ಷೆಯ ಹೊತ್ತಿಗಲ್ಲದೆ, ಸಹಪಾಠಿಗಳೊಂದಿಗೆ ವರ್ಷಾರಂಭದಲ್ಲಿಯೇ ದೊರೆಯಲು ಇದು ನೆರವಾಗುತ್ತದೆ.